ಬೆನ್ನು ಹಾಕಿ ಮಲಗಿದ ನಾಯಿ

ಬಾಳವ್ವನ ಪುಟ್ಟ ಕುರಿಹಟ್ಟಿಗೆ ಕಾವಲಿಗೊಂದು ನಾಯಿ ಬೇಕಾಗಿತ್ತು. ಅವಳ ಮನೆತನದಲ್ಲಿ ನಾಯಿಯನ್ನು ಆರಿಸುವುದು ಕುರಿಗಳೇ. ತಂದ ನಾಯಿಗಳನ್ನು ಮಧ್ಯಾಹ್ನ ಹಟ್ಟಿಯೊಳಗೆ ಬಿಡುವುದು, ಯಾವುದರ ಪಕ್ಕದಲ್ಲಿ ಕುರಿಗಳು ಮಲಗಿ ಮೆಲುಕು ಹಾಕುತ್ತವೋ ಅದನ್ನು ಇಟ್ಟುಕೊಳ್ಳುವುದು. ಈ ಸಲ ಎರಡು ನಾಯಿ ಬಂದಿದ್ದವು. ಹಿರಿಯ ಕುರಿ ಕರಿಮೂತಿಗೆ ಎರಡರ ಮೇಲೂ ಗುಮಾನಿ. ಹಿಂದಿದ್ದ ನಾಯಿ ಅವಳ ಮರಿಯನ್ನೇ ತಿಂದು, ತಪ್ಪನ್ನು ತೋಳದ ಮೇಲೆ ಹಾಕಿತ್ತು.

ಕೆಂದನಾಯಿ ಬಂದದ್ದೇ ಬಾಲ ಅಲ್ಲಾಡಿಸಿತು. “ತಾಯಿ, ಇನ್ನು ನಿಮ್ಮ ಮರಿಗಳ ಮೇಲಿಂದ ನಾನು ಕಣ್ಣು ತೆಗೆಯುವುದಿಲ್ಲ,” ಎಂದು ಮರಿಗಳಿಗೆ ಎದುರಾಗಿ ಕೂತಿತು.

ಬೂದುನಾಯಿ ಮಾತೇ ಆಡಲಿಲ್ಲ. ಬಾಗಿಲಿಗೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ, ಗುಡ್ಡದ ಕಡೆ ನೋಡುತ್ತ ಮಲಗಿತು.

“ಅದರ ಸೊಕ್ಕು ನೋಡಿದಿರಾ?” ಎಂದಿತು ಕೆಂದನಾಯಿ.

ಕರಿಮೂತಿ ಕೇಳಿದಳು: “ತೋಳ ಯಾವ ಕಡೆಯಿಂದ ಬರುತ್ತದಪ್ಪಾ?”

“ಗುಡ್ಡದ ಕಡೆಯಿಂದ, ತಾಯಿ.”

“ನೀನು ನೋಡುತ್ತಿರುವುದು ಯಾವ ಕಡೆ?”

ಕೆಂದನಾಯಿ ತುಟಿ ನೆಕ್ಕಿಕೊಂಡಿತು.

ಕರಿಮೂತಿ ಹೋಗಿ ಬೂದುನಾಯಿಯ ಬೆನ್ನಿಗೆ ಒರಗಿ ಮಲಗಿದಳು. ಉಳಿದ ಕುರಿಗಳೂ ಅವಳ ಹಿಂದೆಯೇ ಬಂದು ಮಲಗಿದವು. ಬಾಳವ್ವ ಕೆಂದನಾಯಿಯ ಕೊರಳಿಗೆ ಹಗ್ಗ ಹಾಕಿ ಹೊರಗೆ ಎಳೆದುಕೊಂಡು ಹೋದಳು.

“ಅಜ್ಜಿ, ಅಂತೂ ನಿನಗೂ ಒಬ್ಬರ ಮೇಲೆ ನಂಬಿಕೆ ಬಂತು,” ಎಂದಿತು ಒಂದು ಮರಿ.

“ಬಂತು ಮಗಾ,” ಎಂದಳು ಕರಿಮೂತಿ, ಕಣ್ಣು ಮುಚ್ಚಿಕೊಂಡೇ. “ಅದಕ್ಕೇ ಇಷ್ಟು ಒತ್ತಿ ಮಲಗಿದ್ದೇನೆ. ಇವನು ಎಂದಾದರೂ ಈ ಕಡೆ ಹೊರಳಿದರೆ, ಮೊದಲು ಎಚ್ಚರವಾಗುವುದು ನನಗೇ.”