ಬೆಲ್ಲದ ಡಬ್ಬಿಯ ಮಾತ್ರೆಗಳು

"ಗುರುಗಳೆ, ತನಗೆ ಸಿಕ್ಕಿದ್ದರಲ್ಲಿ ಇನ್ನೊಬ್ಬರಿಗೆಂದು ಏನನ್ನೂ ಎತ್ತಿಡದೆ ಎಲ್ಲವನ್ನೂ ತಾನೇ ಮುಗಿಸುವವರು ಸ್ವಾರ್ಥಿಗಳಲ್ಲವೆ?" ಎಂದು ಶಿಷ್ಯನೊಬ್ಬನು ಕೇಳಿದನು. ಮಠದ ಮೊದಲ ಗುರುಗಳು ದಿನವೂ ಅರ್ಧ ಊಟವನ್ನು ಹಸಿದವರಿಗೆಂದು ಎತ್ತಿಡುತ್ತಿದ್ದರೆಂದೂ, ಅವರ ಪಾತ್ರೆ ತಾನಾಗಿ ಮತ್ತೆ ತುಂಬುತ್ತಿತ್ತೆಂದೂ ಅವನು ನೆನಪಿಸಿದನು.

"ಎತ್ತಿಟ್ಟಿದ್ದನ್ನು ನಂಬುತ್ತೇನೆ. ಪಾತ್ರೆ ತುಂಬಿದ್ದನ್ನು ನಾನು ಕಂಡಿಲ್ಲ" ಎಂದು ಹೇಳಿ ಗುರುಗಳು ಈ ಕತೆಯನ್ನು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಪಕ್ಕದ ಮನೆಯ ತಾಯಿ ಕೆಲಸಕ್ಕೆ ಹೋದಾಗ ಅವಳ ಮಗು ಮುದುಕಿಯ ಬಳಿಯೇ ಇರುತ್ತಿತ್ತು. ಸ್ವಂತ ಮೊಮ್ಮಗಳಲ್ಲ. ಆದರೂ ಮನೆಯಲ್ಲಿ ಏನು ಮಾಡಿದರೂ ಮುದುಕಿ ಮೊದಲು ಆ ಮಗುವಿನ ಪಾಲನ್ನು ಎತ್ತಿಡುತ್ತಿದ್ದಳು.

ಮುದುಕಿಯ ಕಾಲಿಗೆ ಗಾಯವಾಗಿ ಕೀವು ತುಂಬಿತು. ವೈದ್ಯರು ಆಂಟಿಬಯೋಟಿಕ್ ಮಾತ್ರೆಗಳನ್ನು ಬರೆದುಕೊಟ್ಟರು. ಆಸ್ಪತ್ರೆಯ ದಾದಿ ಮನೆಗೆ ಬಂದು ಪಟ್ಟಿ ಕಟ್ಟುತ್ತಿದ್ದಳು. ಗಾಯ ಒಣಗತೊಡಗಿತು. ಆಮೇಲೊಂದು ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಗಾಯ ಮತ್ತೆ ಹಸಿಯಾಗಿತ್ತು, ಪಾದ ಊದಿತ್ತು. ಹೀಗೇ ಬಿಟ್ಟರೆ ಕಾಲನ್ನೇ ಕಳೆದುಕೊಳ್ಳಬೇಕಾದೀತೆಂದು ದಾದಿಗೆ ಅಂಜಿಕೆಯಾಯಿತು.

ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಳು. ಮುದುಕಿ ನಕ್ಕು ಬೆಲ್ಲದ ಡಬ್ಬಿಯನ್ನು ತೆರೆದಳು. ನೋವು ನಿಂತ ಮೇಲೆ ಉಳಿಸಿದ ಮಾತ್ರೆಗಳೆಲ್ಲ ಅದರಲ್ಲಿದ್ದವು. ಮಗುವಿಗೆ ನೆಗಡಿಯಾಗಿದೆ, ಮೈ ಬೆಚ್ಚಗಿದೆ, ಈಗ ಒಂದು ಮಾತ್ರೆ ಕೊಡುವವಳಿದ್ದೆ ಎಂದಳು.

ದಾದಿ ಗದರಲಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದಳು. ಮೂಗು ಸುರಿಯುತ್ತಿತ್ತು, ಆದರೆ ಉಸಿರು ಸರಾಗವಾಗಿತ್ತು. ಮಗು ಗಂಜಿ ಕುಡಿಯುತ್ತಿತ್ತು. ಈ ನೆಗಡಿಗೆ ಆ ಮಾತ್ರೆಯಿಂದ ಉಪಯೋಗವಿಲ್ಲ, ಉಸಿರು ಜೋರಾದರೆ ಅಥವಾ ಮಗು ಕುಡಿಯುವುದನ್ನು ಬಿಟ್ಟರೆ ಕೂಡಲೆ ಆಸ್ಪತ್ರೆಗೆ ಕರೆತನ್ನಿ ಎಂದು ತಿಳಿಸಿ ಹೇಳಿದಳು. ಬಳಿಕ ಡಬ್ಬಿಯತ್ತ ಕೈ ಚಾಚಿದಳು.

ಮುದುಕಿ ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನದೇನು, ನರ್ಸಮ್ಮ, ಮುಗಿಯುತ್ತಾ ಬಂದ ಬಾಳು. ಇದು ಮಗುವಿನ ಪಾಲು."

"ಅಜ್ಜಿ, ರೋಗ ಪೂರ್ತಿ ಹೋಗುವ ಮೊದಲೇ ಔಷಧಿ ನಿಲ್ಲಿಸಿದ್ದೀರಿ. ಉಳಿದುಕೊಂಡ ಕ್ರಿಮಿಗಳು ಮೊಂಡಾಗಿ, ಇನ್ನೊಮ್ಮೆ ಈ ಮಾತ್ರೆಗೆ ಬಗ್ಗದೆ ಹೋಗಬಹುದು. ನಾಳೆ ಅವು ಮಗುವಿಗೇ ಅಂಟಿದರೆ?"

"ನನಗಿಂತ ಮೊಂಡೇ?"

"ನಿಮಗಿಂತ ತುಸು ಕಡಿಮೆ."

ಮುದುಕಿಗೆ ನಗು ಬಂತು. ಡಬ್ಬಿಯನ್ನು ಕೊಟ್ಟಳು. ದಾದಿ ಮಾತ್ರೆಗಳನ್ನು ತೆಗೆದುಕೊಂಡು ಡಬ್ಬಿಯನ್ನು ಹಿಂದಿರುಗಿಸಿದಳು.

ದಾದಿ ಅಂದೇ ಅವಳನ್ನು ವೈದ್ಯರ ಬಳಿಗೆ ಕರೆದೊಯ್ದಳು. ಅವರು ಬದಲಿಸಿ ಕೊಟ್ಟ ಔಷಧಿಯನ್ನು ಮುದುಕಿ ಹೇಳಿದಷ್ಟು ದಿನವೂ ತೆಗೆದುಕೊಂಡಳು. ದಾದಿ ಬಂದಾಗಲೆಲ್ಲ, ಕೇಳದಿದ್ದರೂ, ಮುದುಕಿ ಬೆಲ್ಲದ ಡಬ್ಬಿಯನ್ನು ತೆರೆದು ಒಳಗೆ ಮಾತ್ರೆಯಿಲ್ಲವೆಂದು ತೋರಿಸುತ್ತಿದ್ದಳು. ಅವಳಲ್ಲಿ ಸ್ವಲ್ಪ ಮುನಿಸು ಉಳಿದಿತ್ತು. ಗಾಯ ಮಾಗಿತು. ಮಗುವಿನ ನೆಗಡಿ ತಾನಾಗಿ ಹೋಯಿತು.

ಮುಂದಿನ ಚಳಿಗಾಲದಲ್ಲಿ, ತಾಯಿ ಮನೆಯಲ್ಲಿಲ್ಲದ ಹೊತ್ತು, ಮಗುವಿನ ಉಸಿರು ಜೋರಾಯಿತು. ಗಂಜಿಯನ್ನು ಮುಟ್ಟಲಿಲ್ಲ. ಮುದುಕಿಗೆ ದಾದಿಯ ಮಾತು ನೆನಪಾಯಿತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಆಸ್ಪತ್ರೆಯವರೆಗೂ ನಡೆದಳು. ಈ ಸಲ ಆಂಟಿಬಯೋಟಿಕ್ ಬೇಕಾಗಿತ್ತು. ವೈದ್ಯರು ಮಗುವಿಗೆ ತಕ್ಕುದನ್ನು ಕೊಟ್ಟರು. ಒಂದೇ ರಾತ್ರಿಯಲ್ಲಿ ವಾಸಿಯಾಯಿತೆಂದು ಊರಿನವರು ಹೇಳುತ್ತಾರೆ, ಹಾಗಾಗಲಿಲ್ಲ. ನಿಧಾನವಾಗಿ ವಾಸಿಯಾಯಿತು, ಆದರೆ ಪೂರ್ತಿ ವಾಸಿಯಾಯಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಆ ಮುದುಕಿ ತನ್ನ ಔಷಧಿಯಲ್ಲಿ ಮಗುವಿಗೆಂದು ಏನನ್ನೂ ಉಳಿಸಲಿಲ್ಲವೆ?"

"ಮಗುವನ್ನು ಹೊತ್ತು ನಡೆದ ಕಾಲನ್ನು ಉಳಿಸಿದಳು."