ಹೊಟ್ಟೆಯೊಳಗಿನ ಅಂಗಿ

ಒಂದು ಕುರುಚಲು ಕಾಡಿನಲ್ಲಿ ಚುಕ್ಕಿ ಎಂಬ ಆಡು ಇತ್ತು. ಚೊಚ್ಚಲ ಗಬ್ಬ. ತುಂಬಿದ ಐದು ತಿಂಗಳು. ಮೇವಿಗಿಂತ ಚಿಂತೆಯನ್ನೇ ಹೆಚ್ಚು ಮೆಲ್ಲುತ್ತಿತ್ತು.

ಅದನ್ನು ನೋಡಿ ಒಂದು ನರಿ ಹತ್ತಿರ ಬಂತು. ಕಜ್ಜಿ ಹತ್ತಿ ಅದರ ಬಾಲ ಬೋಳಾಗಿತ್ತು. ಮಾತು ಮಾತ್ರ ಬೆಣ್ಣೆ.

"ಏನಕ್ಕಾ, ಮರಿಗೆ ಅಂಗಿ ಹೊಲಿಸಿದೆಯಾ?"

"ಅಂಗಿಯೇ?"

"ಅಯ್ಯೋ ಹುಚ್ಚಕ್ಕಾ! ಹೊಟ್ಟೆಯೊಳಗೆ ಚರ್ಮ ಕೊಡುವವರು ಯಾರು? ಇಲಿಮರಿ ನೋಡಿಲ್ಲವೇ, ಕೆಂಪಗೆ, ಬತ್ತಲೆ? ನಿನ್ನದೂ ಹಾಗೇ ಬೀಳುತ್ತದೆ. ಒಂದು ಗಾಳಿ ಬೀಸಿದರೆ ಮುಗಿಯಿತು. ಚರ್ಮ ಹೊಲಿಯುವುದು ನನ್ನ ಕಸುಬು. ನೋವು ಬಂದಾಗ ನನ್ನ ಗುಹೆಗೆ ಬಾ. ಮರಿ ನನ್ನ ಕೈಗೆ ಕೊಡು. ನೀನು ಹೊರಗೆ ನಿಲ್ಲು."

ಇಲಿಮರಿಯನ್ನು ಚುಕ್ಕಿ ನೋಡಿತ್ತು. "ಬರುತ್ತೇನಣ್ಣಾ" ಎಂದಿತು.

ಮೂರನೆಯ ದಿನ ಸೊಂಟದಲ್ಲಿ ನೋವು ಕಾಣಿಸಿತು. ಚುಕ್ಕಿ ಗುಹೆಯತ್ತ ಹೊರಟಿತು. ದಾರಿಯಲ್ಲಿ ಒಂದು ಮುದಿ ಆಡು ಸಿಕ್ಕಿತು. ಹನ್ನೊಂದು ಸಲ ಈದ ಅಜ್ಜಿ. ಮರಿಗೆ ಚರ್ಮ ಹೊಲಿಸಲು ಹೊರಟಿದ್ದೇನೆಂದು ಚುಕ್ಕಿ ಹೇಳಿದ್ದು ಕೇಳಿ ಅದು ಮೆಲುಕು ನಿಲ್ಲಿಸಿತು.

"ಚರ್ಮ ಹೊಟ್ಟೆಯಲ್ಲೇ ಆಗುತ್ತದೆ ಕಣೇ. ಮೊದಲು ಹೂವಿನ ಎಸಳಿನಷ್ಟು ತೆಳ್ಳಗೆ. ಆಮೇಲೆ ಪದರದ ಮೇಲೆ ಪದರ. ಅದರೊಳಗೆ ಕೂದಲಿನ ಬೇರು. ಮೊದಲು ಮುಖಕ್ಕೆ, ಆಮೇಲೆ ಮೈಗೆ. ಮತ್ತೆ ಐದು ತಿಂಗಳು ಸುಮ್ಮನೆ ಹೊರುತ್ತೇವೆಯೇ?"

"ನರಿಯಣ್ಣ ಹೊಲಿಯುತ್ತಾನಂತಲ್ಲ ಅಜ್ಜೀ?"

"ಹಾಗಾದರೆ ಅವನ ಬಾಲ ಯಾಕೆ ಬೋಳು? ಕೇಳು, ಹೋಗು."

ಚುಕ್ಕಿ ಗುಹೆಯೊಳಗೆ ಹೋಗಲಿಲ್ಲ. ಮೇಲಿನ ಕಡಿದಾದ ಬಂಡೆ ಹತ್ತಿ ಕೂಗಿತು.

"ನರಿಯಣ್ಣಾ, ಮೊದಲು ನಿನ್ನ ಬಾಲಕ್ಕೊಂದು ಅಂಗಿ ತೊಡಿಸು. ನೋಡಿ ಇಳಿಯುತ್ತೇನೆ."

ನರಿಯ ಬಾಯಲ್ಲಿ ನೀರು. ತಲೆಯಲ್ಲಿ ಏನೂ ಇಲ್ಲ. ಬಾಲಕ್ಕೆ ಆಲದ ಮರದ ಅಂಟುಹಾಲು ಬಳಿದುಕೊಂಡಿತು. ಅದರ ಮೇಲೆ ಎಕ್ಕದ ಅರಳೆ ಮೆತ್ತಿತು. ಒಣಗಲೆಂದು ಹಾಸುಗಲ್ಲಿನ ಮೇಲೆ ಬಾಲ ಚಾಚಿ ಕೂತಿತು. ಬಿಸಿಲು ಚುರುಕಾಗಿತ್ತು. ಅಂಟು ಒಣಗಿತು. ಬಾಲ ಕಲ್ಲಿಗೇ ಹತ್ತಿತು.

ಅಷ್ಟರಲ್ಲಿ ಚುಕ್ಕಿ ಬಂಡೆಯ ಮೇಲೇ ಈಯಿತು. ನೋಡಲು ಧೈರ್ಯ ಸಾಲಲಿಲ್ಲ. ಕಣ್ಣು ಮುಚ್ಚಿ ನೆಕ್ಕಿತು. ನಾಲಗೆಗೆ ಕೂದಲು ಸಿಕ್ಕಿತು! ಕಣ್ಣು ಬಿಟ್ಟಿತು. ಕಂದು ಮೈ, ಬಿಳಿ ಹಣೆ, ಗೊರಸಿನವರೆಗೂ ಒದ್ದೆ ಅಂಗಿ.

"ಮ್ಯಾ" ಎಂದಿತು ಮರಿ.

ದನಿ ಕೇಳಿದ್ದೇ ತಡ, ನರಿ ಮೇಲಕ್ಕೆ ಹಾರಿತು. ಬಾಲದ ಚರ್ಮ ಕಲ್ಲಿನಲ್ಲೇ ಉಳಿಯಿತು. ಊಳಿಡುತ್ತ ಓಡಿತು.

"ಅಣ್ಣಾ, ನಿಲ್ಲು! ಸೂಜಿ ತರಲೇ?" ಎಂದು ಚುಕ್ಕಿ ಮೇಲಿನಿಂದ ಕೂಗಿತು.

ನೀತಿ: ಹೆದರಿಸಿ ಉಪಕಾರ ಮಾಡಲು ಬರುವವನನ್ನು ನಂಬುವ ಮೊದಲು ಅವನ ಬಾಲ ನೋಡು.