ಫಕೀರೇಶ ನುಂಗಿಕೊಂಡ ಕೂಗು

ಹುಬ್ಬಳ್ಳಿಯ ರೈಲ್ವೆ ಮೈದಾನದಲ್ಲಿ ಫಕೀರೇಶ ಎಂಬವನು ಫುಟ್ಬಾಲ್ ಆಡುತ್ತಿದ್ದ. ಮಿಡ್‌ಫೀಲ್ಡರ್. ಅಂದರೆ ನಟ್ಟನಡುವೆ ನಿಂತು, ಹಿಂದಿನವರಿಂದ ಚೆಂಡು ತಗೊಂಡು ಮುಂದಿನವರಿಗೆ ಮುಟ್ಟಿಸುವವನು. ಕಾಲಿನಷ್ಟೇ ಬಾಯಿಯೂ ಜೋರು. ಗೆಳೆಯನ ಬೆನ್ನ ಹಿಂದೆ ಎದುರಾಳಿ ಬಂದರೆ ಇವನು ಹಾಕುವ ಕೂಗಿಗೆ ಗದಗ ರೋಡಿನಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಎಂಥ ಸಂಜೆಗಳು ಅವು, ಮಕ್ಕಳೇ. ಮೈತುಂಬ ಧೂಳು, ಆಟ ಮುಗಿದ ಮೇಲೆ ಮಂಡಕ್ಕಿ ಗಿರ್ಮಿಟ್ಟು, ಮಿರ್ಚಿ ಭಜಿ. ಈಗ ನೆನೆಸಿಕೊಂಡರೂ ಬಾಯಲ್ಲಿ ನೀರು ಬರುತ್ತದೆ, ಕಣ್ಣಲ್ಲೂ ಬರುತ್ತದೆ.

ಫಕೀರೇಶನ ಆಟ ಚೆನ್ನಾಗಿತ್ತು. ಪೋಲೆಂಡ್ ದೇಶದ ಒಂದು ಸಣ್ಣ ಕ್ಲಬ್ಬು ಕರೆಸಿಕೊಂಡಿತು. ಅಲ್ಲಿ ಮಾರೆಕ್ ಎಂಬ ಹಿರಿಯ ಆಟಗಾರ ಅವನನ್ನು ತಮ್ಮನ ಹಾಗೆ ನೋಡಿಕೊಂಡ. ಚಳಿಗೆ ತನ್ನ ಕೋಟು ಕೊಟ್ಟ, ಮನೆಗೆ ಕರೆದು ಬಿಸಿ ಸೂಪು ಕುಡಿಸಿದ. ಆದರೆ ಮೊದಲ ವಾರವೇ ಫಕೀರೇಶ ಅಲ್ಲಿನ ಭಾಷೆಯಲ್ಲಿ ಏನೋ ಕೂಗಲು ಹೋಗಿ ತಪ್ಪು ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಾಪ, ಅವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇವನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಭಾಷೆ ಪೂರ್ತಿ ಕಲಿಯುವ ತನಕ ಮೈದಾನದಲ್ಲಿ ಬಾಯಿ ಬಿಡುವುದಿಲ್ಲ ಎಂದು ಹಟ ಹಿಡಿದ. ಎಂಥ ಹುಚ್ಚು ಮರ್ಯಾದೆ ನೋಡಿ.

ಒಂದು ಪಂದ್ಯದಲ್ಲಿ ಮಾರೆಕ್ ಚೆಂಡಿಗಾಗಿ ಕಾದು ನಿಂತಿದ್ದ. ಹಿಂದಿನಿಂದ ಎದುರಾಳಿಯೊಬ್ಬ ನುಗ್ಗಿ ಬರುತ್ತಿದ್ದುದು ಫಕೀರೇಶನಿಗೆ ಕಂಡಿತು. ಅಲ್ಲಿನ ಮಾತು ನೆನಪಾಗಲಿಲ್ಲ. ತನ್ನ ಮಾತು ಗಂಟಲಿಗೆ ಬಂತು, ಮತ್ತೆ ನಗುತ್ತಾರೇನೋ ಎಂದು ನುಂಗಿಕೊಂಡ. ಅಷ್ಟರಲ್ಲಿ ಮಾರೆಕ್ ನೆಲಕ್ಕೆ ಬಿದ್ದಿದ್ದ. ಮೊಣಕಾಲು ಹೋಯಿತು.

ಇನ್ನೊಂದು ಏಟು ಬಿದ್ದರೆ ಆಟ ಬಿಡಬೇಕಾಗುತ್ತದೆ ಎಂದರು ಡಾಕ್ಟರು. ಫಕೀರೇಶ ಕಂಡದ್ದು ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಅವನಿಂದ ಆಗಲಿಲ್ಲ. ಆಸ್ಪತ್ರೆಗೆ ಹೋಗಿ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ: "ಅವನು ಬರುತ್ತಿದ್ದುದು ನನಗೆ ಕಂಡಿತ್ತು. ನಿಮ್ಮ ಭಾಷೆ ಬಾಯಿಗೆ ಬರಲಿಲ್ಲ."

ಮಾರೆಕ್ ದಿಂಬಿಗೆ ಒರಗಿ ಎದ್ದು ಕುಳಿತ. ಆಮೇಲೆ ಕೇಳಿದ: "ನಿನ್ನ ಭಾಷೆ ಇರಲಿಲ್ಲವೇನೋ? ಅರ್ಥ ಆಗದಿದ್ದರೂ ನಾನು ತಿರುಗಿ ನೋಡುತ್ತಿದ್ದೆ."

ಫಕೀರೇಶ ಮಂಚದ ಕಂಬಿ ಹಿಡಿದುಕೊಂಡು ಅತ್ತ.

ಮರುವರ್ಷ ಮಾರೆಕ್ ಮತ್ತೆ ಮೈದಾನಕ್ಕಿಳಿದ. ಅವನ ಬೆನ್ನ ಹಿಂದೆ ಮತ್ತೊಬ್ಬ ನುಗ್ಗಿದ. ಈ ಸಲ ಫಕೀರೇಶ ಯಾವ ಭಾಷೆಯನ್ನೂ ಹುಡುಕಲಿಲ್ಲ. "ಹಿಂದ! ಹಿಂದ ಬಂದಾನ!" ಎಂದು ಹುಬ್ಬಳ್ಳಿ ಗಂಟಲಿನಲ್ಲೇ ಅರಚಿದ. ಮಾರೆಕ್ ಗಕ್ಕನೆ ತಿರುಗಿ ನೋಡಿ ಪಕ್ಕಕ್ಕೆ ಸರಿದ. ನುಗ್ಗಿದವನು ಹುಲ್ಲಿನ ಮೇಲೆ ಜಾರಿಕೊಂಡು ಹೋದ. ಎಲ್ಲರೂ ನಕ್ಕರು, ಅದೂ ನಿಜ. ಆದರೆ ಮುಂದಿನ ಪಂದ್ಯದಿಂದ ಅವರೂ "ಹಿಂದ" ಎಂದೇ ಕೂಗತೊಡಗಿದರು.

ಫಕೀರೇಶ ಆಟ ಬಿಟ್ಟು ಹುಬ್ಬಳ್ಳಿಗೆ ಬಂದು ಎಷ್ಟೋ ಕಾಲವಾಯಿತು. ತಲೆ ನೆರೆತಿದೆ. ಮೊನ್ನೆ ಮಾರೆಕ್ ಫೋನ್ ಮಾಡಿದ್ದ. ಅವನೀಗ ಆ ಊರಿನ ಮಕ್ಕಳಿಗೆ ಆಟ ಕಲಿಸುತ್ತಾನಂತೆ. "ಕೇಳು" ಎಂದು ಫೋನನ್ನು ಮೈದಾನದ ಕಡೆ ಹಿಡಿದ. ಪುಟ್ಟ ಪುಟ್ಟ ದನಿಗಳು "ಹಿಂದ, ಹಿಂದ" ಎನ್ನುತ್ತಿದ್ದವು. ಅದು ಯಾವ ಊರಿನ ಮಾತೆಂದು ಆ ಮಕ್ಕಳಿಗೆ ಗೊತ್ತಿಲ್ಲ. ಗೆಳೆಯನ ಬೆನ್ನ ಹಿಂದೆ ಯಾರಾದರೂ ಬಂದರೆ ಕೂಗಬೇಕು ಎಂಬುದು ಗೊತ್ತಿದೆ.

ನೀತಿ: ಆಪತ್ತು ಕಂಡವನು ಕೂಗಲೇಬೇಕು. ನನ್ನ ಮಾತು ಸರಿಯೋ ತಪ್ಪೋ, ಯಾರು ನಗುತ್ತಾರೋ ಎಂದು ಅಳುಕಿ ಸುಮ್ಮನಿದ್ದರೆ ಮರ್ಯಾದೆ ನಮ್ಮದು ಉಳಿಯುತ್ತದೆ, ಏಟು ಮಾತ್ರ ಇನ್ನೊಬ್ಬನಿಗೆ ಬೀಳುತ್ತದೆ.